ನಾಲ್ಕನೇ ಮಿಷನ್ನು

ಮಂಗಳವಾರ, ಗುರುವಾರ, ಶನಿವಾರ.
ನನ್ನ ವಾರಕ್ಕೆ ಇರುವುದೇ ಮೂರು ದಿನ,
ಉಳಿದವು ನಡುವಿನ ಸುಸ್ತು.

ಬೆಳಿಗ್ಗೆ ಆರಕ್ಕೆ ತೂಕ. ಒಂದೂವರೆ ಕೇಜಿ ಜಾಸ್ತಿ.
"ನೀರು ಕುಡಿದ್ರಾ?" ಅನ್ನುತ್ತಾನೆ ಟೆಕ್ನಿಷಿಯನ್ ಹುಡುಗ,
ಕದ್ದಿರಾ ಅನ್ನುವ ದನಿಯಲ್ಲಿ.
ಕದ್ದೆ, ಹೌದು.
ದಾವಣಗೆರೆಯ ಏಪ್ರಿಲ್ಲು, ಫ್ಯಾನೂ ಬಿಸಿ ಉಸಿರು ಬಿಡುವ ರಾತ್ರಿ,
ಕೊಡದ ಮುಚ್ಚಳ ತೆಗೆದು
ಅದರ ಒಳಮೈಗೆ ಕೂತ ಹನಿಗಳನ್ನು ನೆಕ್ಕಿದೆ.

ನನ್ನ ಪಕ್ಕದ್ದು ನಾಲ್ಕನೇ ಮಿಷನ್ನು, ಖೈರುಂಬಿಯದು.
ಮೂರು ವರ್ಷ ನಮ್ಮಿಬ್ಬರ ರಕ್ತ
ಅಕ್ಕಪಕ್ಕದ ನಳಿಗೆಗಳಲ್ಲಿ ಸುತ್ತಿತು,
ಒಂದೇ ಓಣಿಯಲ್ಲಿ ಆಡಿದ ಮಕ್ಕಳು
ಊಟದ ಹೊತ್ತಿಗೆ ತಂತಮ್ಮ ಮನೆ ಸೇರುವ ಹಾಗೆ.
ಮಂಡಕ್ಕಿ ಭಟ್ಟಿಯಲ್ಲಿ ಬೆಳೆದವಳು ಅವಳು,
ಹೊಟ್ಟಿನ ಬೆಂಕಿ, ಕಾದ ಮರಳು, ಹೊಗೆ.
"ನಾವೂ ಅಷ್ಟೇ ಕಣವ್ವ,
ಬರೋವಾಗ ಅಕ್ಕಿ, ಹೋಗೋವಾಗ ಮಂಡಕ್ಕಿ."
ನಾಲ್ಕು ತಾಸಿನ ಮೇಲೆ ಎದ್ದು ನಿಂತರೆ
ನಿಜಕ್ಕೂ ಬಾಗಿಲ ಗಾಳಿಗೆ ಹೆದರುವಷ್ಟು ಹಗುರ.

ಹೊರಡುವ ಮೊದಲು ನಮ್ಮದೊಂದು ಚಾಳಿ:
ಒಬ್ಬರ ತೋಳಿಗೆ ಇನ್ನೊಬ್ಬರು ಕಿವಿ ಹಚ್ಚುವುದು.
ಫಿಸ್ಟುಲಾ ಗುಂಯ್ ಅನ್ನುತ್ತಿದ್ದರೆ ನರ ಓಡುತ್ತಿದೆ ಅಂತ ಲೆಕ್ಕ.
ನಮ್ಮದು ನಮಗೇ ಕೇಳುತ್ತದೆ.
ನಂಬಿಕೆ ಬರುವುದಿಲ್ಲ.

ಹೋದ ಗುರುವಾರ ಮಿಷನ್ ಮೇಲಿದ್ದಾಗಲೇ ಅವಳಿಗೆ ಚಳಿ,
ಮೂರು ಕಂಬಳಿಗೂ ನಿಲ್ಲದ ನಡುಕ.
ಸ್ಟ್ರೆಚರು ನನ್ನ ಕಾಲಿಗೆ ತಾಗಿಯೇ ಹೋಯಿತು.
ನನ್ನ ಕೈಯಲ್ಲಿ ಎರಡು ಸೂಜಿ. ಏಳುವ ಹಾಗಿಲ್ಲ.

ಶನಿವಾರ ಸೂಜಿ ಕಿತ್ತ ಜಾಗಕ್ಕೆ ಹತ್ತಿ ಒತ್ತಿಕೊಂಡೇ
ಮೂರನೇ ಮಹಡಿ ಹತ್ತಿದೆ.
"ಪೇಷೆಂಟಾ, ನೋಡಾಕೆ ಬಂದೋರಾ?" ಅಂದ ಬಾಗಿಲಲ್ಲಿದ್ದ ಸಣ್ಣತಿಪ್ಪಯ್ಯ.
ಎರಡೂ, ಅಂದೆ.
ಚೀಟಿಯಲ್ಲಿ ಒಂದಕ್ಕೇ ಜಾಗ ಇತ್ತು.

ಎಳನೀರು ಒಯ್ಯಲಿಲ್ಲ, ಬಾಳೆಹಣ್ಣು ಒಯ್ಯಲಿಲ್ಲ.
ಅವೆಲ್ಲ ಆರೋಗ್ಯವಂತರ ಪ್ರೀತಿ, ನಮಗೆ ವಿಷ.
ಒಂದು ನೈಟಿ ಒಯ್ದೆ.
ಸೀರೆಗೆ ಫಾಲ್ಸ್ ಹಚ್ಚುವ ಕೈ ನನ್ನದು,
ಎಡತೋಳಿನ ಹೊಲಿಗೆ ಬಿಚ್ಚಿ ಉದ್ದಕ್ಕೂ ಟಿಚ್‌ಬಟನ್ ಇಟ್ಟಿದ್ದೆ.
ಮತ್ತೆ ಒಂದು ಬಾಲ್‌ಪೆನ್ನು.
ಅವಳ ತೋಳಿನ ಪ್ಲಾಸ್ಟರಿನ ಮೇಲೆ ದಪ್ಪಗೆ ಬರೆದೆ:
ಈ ಕೈಗೆ ಬಿ.ಪಿ. ಕಟ್ಟಬೇಡಿ.

ಕಿವಿ ಹಚ್ಚಿದೆ. ಸುತ್ತಲಿನ ಯಂತ್ರಗಳ ಕೂಗಿನಲ್ಲಿ ಏನೂ ಕೇಳಲಿಲ್ಲ.
ಅಂಗೈ ಇಟ್ಟೆ.
ಆಚೆ ಓಣಿಯಲ್ಲಿ ಹಿಟ್ಟಿನ ಗಿರಣಿ ಓಡುವಷ್ಟು,
ಅಷ್ಟೇ.

"ನನ್ನ ಮಿಷನ್ನು?" ಅಂದಳು.
ರಿಪೇರಿಗೆ ಹಾಕ್ಯಾರ, ಅಂದೆ.
ಮಾಸ್ಕಿನೊಳಗೆ ಮಂಜು ಕಟ್ಟುವಂತೆ ನಕ್ಕಳು.
"ನನಗೂ ಇಲ್ಲಿ ಅದನ್ನೇ ಹೇಳ್ತಾರ. ಯಾರು ಕುಂತಾರ, ಹೇಳು."

ಹೇಳಿದೆ. ಜಗಳೂರಿನ ಹುಡುಗ. ಬಿ.ಕಾಂ. ಕೊನೇ ವರ್ಷ.
ಕಿವಿಗೆ ವೈರು ಸಿಕ್ಕಿಸಿಕೊಂಡು ಗೋಡೆ ಕಡೆ ತಿರುಗಿರುತ್ತಾನೆ,
ತಾಯಿ ಹೊರಗೆ ಚಪ್ಪಲಿಗಳ ಪಕ್ಕ ಕೂತಿರುತ್ತಾಳೆ.
"ವಯಸ್ಸು?"
ಇಪ್ಪತ್ತು.

ಬಹಳ ಹೊತ್ತು ಅವಳು ಚಾವಣಿ ನೋಡಿದಳು.
ಸಿಸ್ಟರ್ ಬಂದು ಗಡಿಯಾರ ತೋರಿಸಿದಳು.
ಆಮೇಲೆ, ಭಟ್ಟಿಯ ಬೆಂಕಿ ಆರಿಸಲು ಹೇಳುವಷ್ಟೇ ಸಲೀಸಾಗಿ:
"ಆ ಕುರ್ಚಿದು ಎಡಗಡೆ ಹಿಡಿ ಅಲ್ಲಾಡ್ತೈತಿ.
ಕೈ ಸೋತು ಸೂಜಿ ಎಳದಂಗೆ ಆಗ್ತೈತಿ.
ಬಟ್ಟೆ ಮಡಚಿ ಇಟ್ಕೊಳ್ಳಾಕ ಹೇಳು ಹುಡುಗಗ."

ಚೀಟಿ ವಾಪಸು ಕೊಡುವಾಗ ಒಂದು ಗಳಿಗೆ ಖುಷಿಯಾಯಿತು,
ಹೊರಗೆ ನಡೆಯುತ್ತಿರುವವಳು ನಾನು ಅಂತ.
ಮುಚ್ಚಿಡುವುದೇಕೆ, ಆಯಿತು.
ಆಟೋದಲ್ಲಿ ಮನೆ ತಲುಪುವವರೆಗೂ
ಎಡಗೈಯನ್ನು ಬಲಗೈಯಲ್ಲಿ ಹಿಡಿದೇ ಕೂತಿದ್ದೆ,
ಯಾರದೋ ಕೂಸನ್ನು ಹಿಡಿದ ಹಾಗೆ.

ಮಂಗಳವಾರ. ಆರು ಗಂಟೆ. ಎರಡು ಕೇಜಿ ಜಾಸ್ತಿ.
ಹಳೇ ಸೀರೆಯ ತುಂಡು, ನಾಲ್ಕು ಮಡಿಕೆ, ಅಂಚು ಹೊಲಿದದ್ದು,
ಹುಡುಗನ ಮೊಣಕೈ ಕೆಳಗೆ ಇಟ್ಟೆ.
ಅವನು ಒಂದು ಕಿವಿಯ ವೈರು ತೆಗೆದ.
"ಯಾರು ಕೊಟ್ಟಿದ್ದು ಆಂಟಿ?"

ನಿನ್ನ ಕುರ್ಚಿಯವರು, ಅಂದೆ.
ತೋಳು ಕೊಡು ಇಲ್ಲಿ, ಕೇಳಿಸಿಕೊಳ್ಳೋಣ.